ಸವರಿದ್ದನ್ನೇ ಸಿಂಗರಿಸಿ: ಕಾರ್ತಿಕದ ಕೈತೋಟ ಕೆಲಸ ಮತ್ತು ಮನೆಯ ಅಲಂಕಾರ

ಶರತ್ಕಾಲದ ತೋಟ ಅಂತ ಫೋನಿನಲ್ಲಿ ಹುಡುಕಿದರೆ ಬರುವುದು ಎಲೆ ಉದುರಿದ ಮರ, ಕಂದು ಎಲೆಯ ರಾಶಿ, ಒಣ ಕೊಂಬೆಯ ಅಲಂಕಾರ. ಬೆಂಗಳೂರು, ತುಮಕೂರು, ಮೈಸೂರು ಕಡೆ ಕಾರ್ತಿಕ ಬಂದರೆ ತೋಟ ಹಾಗಿರುವುದೇ ಇಲ್ಲ. ನಮ್ಮಲ್ಲಿ ಎಲೆ ಉದುರುವುದು ಶಿಶಿರದಲ್ಲಿ, ಮಾಘ–ಫಾಲ್ಗುಣದ ಹೊತ್ತಿಗೆ. ಈಗ ಇರುವುದು ಉಲ್ಟಾ ತಾಪತ್ರಯ. ತಿಂಗಳುಗಟ್ಟಲೆ ಮಳೆ ಕುಡಿದ ಗಿಡಗಳು ಅಡ್ಡಾದಿಡ್ಡಿ ಬೆಳೆದಿರುತ್ತವೆ. ಬಾಳೆ ಬುಡದಲ್ಲಿ ಕಂದುಗಳ ಗುಂಪು, ಬೇಲಿಯಲ್ಲಿ ಕ್ರೋಟನ್ ಆಳೆತ್ತರ, ಕುಂಡದಲ್ಲಿ ಗಿಡಕ್ಕಿಂತ ಕಳೆ ಜಾಸ್ತಿ.

ಸರಿಯಾಗಿ ಇದೇ ಹೊತ್ತಿಗೆ ದೀಪಾವಳಿ, ಅದರ ಹಿಂದೆಯೇ ತುಳಸಿ ಹಬ್ಬ. ಮನೆಯ ಸೊಪ್ಪನ್ನು ಸವರಿ ಕಸದ ಗಾಡಿಗೆ ಕೊಡುತ್ತೇವೆ, ಮಾರ್ಕೆಟ್ಟಿನಿಂದ ದುಡ್ಡು ಕೊಟ್ಟು ಸೊಪ್ಪು ತರುತ್ತೇವೆ. ಇದು ಯಾಕೆ? ಸವರುವ ದಿನವನ್ನು ಹಬ್ಬಕ್ಕೆ ಹೊಂದಿಸಿಕೊಂಡರೆ ತೋಟದ ಕೆಲಸವೂ ಬಾಗಿಲ ಅಲಂಕಾರವೂ ಒಟ್ಟಿಗೆ ಮುಗಿಯುತ್ತವೆ. ಹಬ್ಬ ಕಳೆದ ಮೇಲೆ ಅದೇ ಸೊಪ್ಪು ಗೊಬ್ಬರವಾಗಿ ತೋಟಕ್ಕೇ ವಾಪಸ್.

ಮಳೆ ನಕ್ಷತ್ರ ನೋಡಿ ಕೆಲಸ, ತಿಥಿ ನೋಡಿ ಅಲಂಕಾರ

ದೀಪಾವಳಿ ಒಂದು ವರ್ಷ ಅಕ್ಟೋಬರ್ ಮಧ್ಯದಲ್ಲಿ ಬಂದರೆ ಇನ್ನೊಂದು ವರ್ಷ ನವೆಂಬರ್ ಮಧ್ಯಕ್ಕೆ ಹೋಗಬಹುದು. ಗಿಡಕ್ಕೆ ಪಂಚಾಂಗ ಗೊತ್ತಿಲ್ಲ. ಅದು ನೋಡುವುದು ಬಿಸಿಲು, ಚಳಿ, ಹಗಲಿನ ಉದ್ದ. ಹಾಗಾಗಿ ಕೆಲಸಕ್ಕೆ ರೈತರ ಮಳೆ ನಕ್ಷತ್ರದ ಲೆಕ್ಕವೇ ಸರಿ. ಸ್ವಾತಿ ಮಳೆ ಹುಟ್ಟುವುದು ಅಕ್ಟೋಬರ್ 24ರ ಸುಮಾರಿಗೆ, ವಿಶಾಖೆ ನವೆಂಬರ್ 6ರ ಹೊತ್ತಿಗೆ, ಅನೂರಾಧ 19–20ಕ್ಕೆ. ಇವು ಸೂರ್ಯನ ಲೆಕ್ಕದವು, ವರ್ಷ ವರ್ಷ ಒಂದು ದಿನ ಆಚೆ ಈಚೆ ಅಷ್ಟೇ.

ಸ್ವಾತಿಯಲ್ಲಿ ನೆಲ ಹದ ಮಾಡುವುದು, ಗುಲಾಬಿ ಸವರುವುದು. ವಿಶಾಖೆಯಲ್ಲಿ ಚಳಿಗಾಲದ ತರಕಾರಿ ಬಿತ್ತುವುದು. ಅನೂರಾಧದಲ್ಲಿ ಮಲ್ಲಿಗೆ ಸವರುವುದು. ನಡುವೆ ಹಬ್ಬ ಎಲ್ಲಿ ಬಿದ್ದರೂ ಆ ವಾರ ಕತ್ತರಿಸಿದ್ದು ಬಾಗಿಲಿಗೆ. ಹಬ್ಬ ಬೇಗ ಬಂತು ಅಂತ ಗುಲಾಬಿಯನ್ನು ಜೋರು ಮಳೆಯಲ್ಲಿ ಸವರಲು ಹೋಗಬೇಡಿ. ಗಾಯ ಒಣಗದೆ ಕಡ್ಡಿ ಮೇಲಿಂದ ಕೆಳಕ್ಕೆ ಕಪ್ಪಾಗುತ್ತಾ ಬರುತ್ತದೆ.

ಮೊದಲು ನೆಲ

ಬಿಸಿಲು ಬಂದ ಎರಡನೇ ದಿನ ಮಣ್ಣು ಹಿಡಿದು ನೋಡಿ. ಉಂಡೆ ಕಟ್ಟಿದರೆ ಕಟ್ಟಬೇಕು, ಬೆರಳಲ್ಲಿ ಒತ್ತಿದರೆ ಉದುರಬೇಕು. ಅದೇ ಹದ. ಆಗ ಕುರುಪಿ ಹಿಡಿದು ಕಳೆ ತೆಗೆಯಿರಿ. ಬೀಜ ಕಟ್ಟಿದ ಕಳೆಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ, ಮುಂದಿನ ಮುಂಗಾರಿಗೆ ಅಷ್ಟೂ ಹುಟ್ಟುತ್ತವೆ. ಬೀಜ ಬಾರದ ಹಸಿ ಕಳೆಯನ್ನು ಬುಡಕ್ಕೇ ಹೊದಿಕೆಯಾಗಿ ಹಾಸಬಹುದು.

ಕುಂಡಗಳ ಮೇಲ್ಮಣ್ಣು ಮಳೆಯ ಹೊಡೆತಕ್ಕೆ ಗಟ್ಟಿಯಾಗಿ ಹಪ್ಪಳ ಕಟ್ಟಿರುತ್ತದೆ. ಎರಡು ಇಂಚು ಕೆದಕಿ, ಕುಂಡಕ್ಕೆ ಎರಡು ಹಿಡಿ ಎರೆಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ ಬೆರೆಸಿ. ಮಳೆನೀರು ಮಣ್ಣಿನ ಸಾರಜನಕವನ್ನು ತೊಳೆದುಕೊಂಡು ಹೋಗಿರುತ್ತದೆ. ಎಲೆ ಹಳದಿ ಹಳದಿ ಕಾಣುವುದು ಬಹಳ ಸಲ ಇದೇ ಕಾರಣಕ್ಕೆ. ಕುಂಡದ ತಳದ ತೂತಿಗೆ ಕಡ್ಡಿ ಹಾಕಿ ನೋಡುವುದನ್ನು ಮರೆಯಬೇಡಿ. ಬೇರು ಬಂದು ತೂತು ಮುಚ್ಚಿದ್ದರೆ ಕುಂಡ ಬದಲಿಸುವ ಕಾಲ ಬಂದಿದೆ.

ಆಫ್ರಿಕನ್ ಬಸವನಹುಳುವಿನ ಕಾಟ ಇರುವವರು ಬಿತ್ತನೆಗೆ ಮೊದಲೇ ಅದನ್ನು ಹಿಡಿಯಬೇಕು. ಗೋಣಿಚೀಲ ಒದ್ದೆ ಮಾಡಿ, ಒಳಗೆ ಪರಂಗಿ ಎಲೆ ಅಥವಾ ಕೋಸಿನ ಸಿಪ್ಪೆ ಇಟ್ಟು ಸಂಜೆ ತೋಟದಲ್ಲಿ ಹಾಸಿ. ಬೆಳಿಗ್ಗೆ ಅದರಡಿ ಗುಂಪಾಗಿ ಕೂತಿರುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಮೈಯಲ್ಲಿ ಪರಾವಲಂಬಿ ಹುಳುಗಳಿರುತ್ತವೆ. ಗ್ಲೌಸ್ ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ನೇರ ಮಣ್ಣಿಗೆ ಎರಚಿದರೆ ಹುಳುವಿನ ಜೊತೆ ನೆಲವೂ ಕೆಡುತ್ತದೆ.

ಗುಲಾಬಿ ಸವರುವುದು

ಈ ತಿಂಗಳ ಕೆಲಸಗಳಲ್ಲಿ ನಿಧಾನ ಬೇಡುವುದು ಇದೊಂದೇ. ಈಗ ಸವರಿದರೆ ಸುಮಾರು 45–50 ದಿನಕ್ಕೆ ಹೂ. ಅಂದರೆ ಡಿಸೆಂಬರ್ ಮಧ್ಯದಿಂದ ಹೊಸ ವರ್ಷದ ಹೊತ್ತಿಗೆ ಗಿಡ ತುಂಬಿರುತ್ತದೆ.

1. ಕತ್ತರಿ ಹರಿತವಾಗಿರಲಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್ಟಿನಲ್ಲಿ ಒರೆಸಿ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ರೋಗಕ್ಕೆ ಬಾಗಿಲು ತೆರೆದಂತೆ.

2. ಮೊದಲು ಅರಳಿದ, ಅರೆ ಬಿರಿದ ಹೂಗಳನ್ನೆಲ್ಲ ಉದ್ದ ತೊಟ್ಟು ಬಿಟ್ಟು ಕತ್ತರಿಸಿ ನೀರಿನ ಬಕೆಟ್ಟಿನಲ್ಲಿಡಿ. ಇವು ದೇವರಿಗೆ, ಇಲ್ಲ ಹೂದಾನಿಗೆ.

3. ಆಮೇಲೆ ಒಣಗಿದ್ದು, ಕಪ್ಪಾಗಿದ್ದು. ಕಂದು ಭಾಗದ ಕೆಳಗೆ ಒಂದು ಇಂಚು ಬಿಟ್ಟು ಕತ್ತರಿಸಿ ಕಡ್ಡಿಯ ಒಳತಿರುಳು ನೋಡಿ. ಬೆಳ್ಳಗಿದ್ದರೆ ಸರಿ. ಕಂದು ಚುಕ್ಕೆ ಕಂಡರೆ ಇನ್ನೂ ಕೆಳಗೆ ಹೋಗಿ. ತಿರುಳು ಬೆಳ್ಳಗಾಗುವವರೆಗೆ ನಿಲ್ಲಬೇಡಿ.

4. ಬುಡ ನೋಡಿ. ಕಸಿಯ ಗಂಟಿನ ಕೆಳಗಿನಿಂದ ಬಂದ ಕಡ್ಡಿ ಕಾಡು ಗುಲಾಬಿಯದು. ಅದು ಜೋರಾಗಿ ಬೆಳೆಯುತ್ತದೆ, ನೋಡಿ ಖುಷಿಪಡುತ್ತೇವೆ, ಆದರೆ ಊಟವೆಲ್ಲ ಅದೇ ತಿನ್ನುತ್ತದೆ. ಮಣ್ಣು ಸರಿಸಿ ಹುಟ್ಟಿದ ಜಾಗದಿಂದಲೇ ಕಿತ್ತುಹಾಕಿ.

5. ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲಿಗಿಂತ ಸಣ್ಣ ಕಡ್ಡಿ ತೆಗೆಯಿರಿ. ನಾಲ್ಕೈದು ಗಟ್ಟಿ ಕಡ್ಡಿ ಉಳಿದರೆ ಸಾಕು. ಗಿಡದ ನಡು ಬಟ್ಟಲಿನ ಹಾಗೆ ತೆರೆದಿರಲಿ.

6. ಉಳಿದ ಕಡ್ಡಿಗಳನ್ನು ಒಂದೂವರೆ ಅಡಿಗೆ ಇಳಿಸಿ. ಹೊರಮುಖ ನೋಡುವ ಕಣ್ಣು ಹುಡುಕಿ, ಅದರ ಮೇಲೆ ಕಾಲು ಇಂಚು ಬಿಟ್ಟು, ಕಣ್ಣಿನ ಕಡೆಯಿಂದ ಹಿಂದಕ್ಕೆ ಇಳಿಜಾರಾಗಿ ಕತ್ತರಿಸಿ. ಇಬ್ಬನಿ ನೀರು ಕಣ್ಣಿನ ಮೇಲೆ ನಿಲ್ಲದೆ ಜಾರಿಹೋಗುತ್ತದೆ.

7. ಅದೇ ದಿನ ಗಾಯಕ್ಕೆಲ್ಲ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಪುಡಿಯನ್ನು ನೀರಲ್ಲಿ ಕಲಸಿ ಹಚ್ಚಿ. ನೆಲದ ಗಿಡಕ್ಕೆ ಎರಡು ಕಿಲೋ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಕೊಟ್ಟು ಮಣ್ಣು ಮುಚ್ಚಿ.

ಬಟನ್ ರೋಸ್ ಗಿಡಕ್ಕೆ ಇಷ್ಟೆಲ್ಲ ಬೇಡ. ಮೂರನೇ ಒಂದು ಭಾಗ ಎತ್ತರ ಇಳಿಸಿ, ಒಣಗಿದ್ದು ತೆಗೆದರೆ ಆಯಿತು. ರೋಗದ ಎಲೆ, ಮುಳ್ಳುಕಡ್ಡಿ ಎರಡನ್ನೂ ಗೊಬ್ಬರಕ್ಕೆ ಹಾಕಬೇಡಿ.

ಹಗಲು ಬಿಸಿಲು, ರಾತ್ರಿ ಚಳಿ, ಬೆಳಿಗ್ಗೆ ಇಬ್ಬನಿ. ಇದು ಬೂದಿ ರೋಗಕ್ಕೆ ಹೇಳಿಮಾಡಿಸಿದ ಹವೆ. ಹೊಸ ಚಿಗುರಿನ ಮೇಲೆ ಬಿಳಿ ಪುಡಿ ಕಂಡ ಕೂಡಲೇ ಒಂದು ಪಾಲು ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಬೆಳಿಗ್ಗೆ ಸಿಂಪಡಿಸಿ. ಶುರುವಿನಲ್ಲೇ ಹಿಡಿದರೆ ಇದು ಸಾಕಾಗುತ್ತದೆ. ಜಾಸ್ತಿಯಾಗಿದ್ದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ.

ಹಬ್ಬದ ವಾರ ಏನನ್ನು ಕತ್ತರಿಸಬೇಕು

ಬಾಳೆಯಿಂದ ಶುರು ಮಾಡಿ. ಒಂದು ತಾಯಿ ಗಿಡಕ್ಕೆ ಒಂದೇ ಕಂದು ಸಾಕು. ಕತ್ತಿಯಂತೆ ಕಿರಿದಾದ ಎಲೆ, ದಪ್ಪ ಬುಡ ಇರುವ ಕಂದನ್ನು ಉಳಿಸಿಕೊಳ್ಳಿ. ಉಳಿದವು ತಾಯಿಯ ಗೊನೆಯನ್ನು ಸಣ್ಣ ಮಾಡುತ್ತವೆ. ಹೇಗೂ ತೆಗೆಯಬೇಕಾದ ಆ ಕಂದುಗಳೇ ಬಾಗಿಲ ಎರಡು ಬದಿಗೆ ಬಾಳೆಕಂಬ. ನಾಲ್ಕೈದು ಅಡಿ ಎತ್ತರದವು ಅಪಾರ್ಟ್‌ಮೆಂಟ್ ಬಾಗಿಲಿಗೆ ಹೇಳಿಸಿದಂತಿರುತ್ತವೆ. ಹಬ್ಬದ ಹಿಂದಿನ ಸಂಜೆ ಬುಡದಿಂದ ಕತ್ತರಿಸಿ, ಒಂದು ಬಕೆಟ್ ಒದ್ದೆ ಮರಳಿನಲ್ಲಿ ನಿಲ್ಲಿಸಿದರೆ ಮೂರು ದಿನ ಬಾಡುವುದಿಲ್ಲ. ಬಾಳೆಯ ಸೊನೆ ಬಟ್ಟೆಗೆ ಬಿದ್ದರೆ ಹೋಗಲ್ಲ, ಹಳೇ ಬಟ್ಟೆ ಹಾಕಿಕೊಂಡೇ ಇಳಿಯಿರಿ.

ಆಮೇಲೆ ಕ್ರೋಟನ್. ಕೆಂಪು, ಹಳದಿ, ಕೇಸರಿ ಬಣ್ಣ ಬೇಕೆಂದರೆ ನಮಗೆ ಇದೇ ಗತಿ, ಒಳ್ಳೆಯ ಗತಿಯೇ. ಎತ್ತರಕ್ಕೆ ಹೋದ ತುದಿಗಳನ್ನು ಒಂದೂವರೆ ಅಡಿ ಉದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು ಹಿತ್ತಾಳೆ ಚೊಂಬಿನಲ್ಲಿಟ್ಟರೆ ಎರಡು ವಾರ ಹಾಗೇ ಇರುತ್ತದೆ. ಮರುಗ, ಪಚ್ಚೆತೆನೆ ಇದ್ದರೆ ಈಗ ಅರ್ಧಕ್ಕೆ ಸವರಿ. ಮಲ್ಲಿಗೆ ಈ ಕಾಲದಲ್ಲಿ ಅಪರೂಪ, ಬೆಲೆಯೂ ಗಗನದಲ್ಲಿ. ಕಾಕಡ, ಕನಕಾಂಬರದ ನಡುವೆ ಮರುಗ ಸೇರಿಸಿ ಕಟ್ಟಿದ ದಂಡೆಗೆ ಘಮಲು ತಾನಾಗಿ ಬರುತ್ತದೆ. ದಾರದ ಬದಲು ಬಾಳೆನಾರು ಉಪಯೋಗಿಸಿ. ಒಣಗಿದ ಬಾಳೆಪಟ್ಟೆಯನ್ನು ಅರ್ಧ ಗಂಟೆ ನೆನೆಸಿ ಉದ್ದಕ್ಕೆ ಸೀಳಿದರೆ ನಾರು ಸಿದ್ಧ.

ಕಣಗಿಲೆ ಬಗ್ಗೆ ಒಂದು ಎಚ್ಚರಿಕೆ. ಅದರ ಎಲೆ, ಹೂ, ಕಡ್ಡಿ ಎಲ್ಲವೂ ವಿಷ. ದನಕರುಗಳಿಗೆ ಹಾಕುವ ಹಾರದಲ್ಲಿ ಬೇಡವೇ ಬೇಡ, ಅವು ಹಾರವನ್ನೇ ತಿನ್ನುತ್ತವೆ. ಡುರಾಂಟ ಬೇಲಿಯ ಹಳದಿ ಕಾಯಿ ನೋಡಲು ಚೆಂದ, ಆದರೆ ಸಣ್ಣ ಮಕ್ಕಳಿರುವ ಮನೆಯ ಅಲಂಕಾರಕ್ಕೆ ಅದೂ ಬೇಡ.

ಕತ್ತರಿ ತಾಗಿಸಬಾರದ್ದು

ಮಾವಿನ ತುದಿ ಮುರಿಯಬೇಡಿ. ದೀಪಾವಳಿಗೆ ಊರೆಲ್ಲ ಮಾಡುವ ತಪ್ಪು ಇದು. ಜನವರಿಯಲ್ಲಿ ಬಿಡುವ ಹೂವಿನ ಮೊಗ್ಗು ರೂಪುಗೊಳ್ಳುವುದು ಈಗಲೇ, ಕೊಂಬೆಯ ತುದಿಯೊಳಗೆ. ತುದಿ ಮುರಿದರೆ ಅಷ್ಟು ಕಾಯಿ ಹೋಯಿತು. ತೋರಣಕ್ಕೆ ಎಲೆ ಬೇಕೆಂದರೆ ಮರದ ಒಳಭಾಗದ, ಕೆಳಗಿನ ಕೊಂಬೆಯ ಬಿಡಿ ಎಲೆಗಳನ್ನು ತೊಟ್ಟು ಸಮೇತ ಕಿತ್ತುಕೊಳ್ಳಿ. ಮಾವಿಗೆ ನೀರು ಕೊಡುವುದನ್ನೂ ಈಗ ನಿಲ್ಲಿಸಬೇಕು. ಒಂದಿಷ್ಟು ಬಾಯಾರಿದರೇ ಅದು ಹೂ ಬಿಡುವುದು.

ತೆಂಗಿನ ಸುಳಿ ಕೀಳಿಸಬೇಡಿ. ಎಳೆ ಗರಿಯ ಅಲಂಕಾರ ಬಹಳ ಸುಂದರ, ಆದರೆ ಸುಳಿ ಮರದ ಜೀವ. ಕೆಳಗಿನ ಬಲಿತ ಗರಿಯಲ್ಲೂ ಗಿಳಿ, ಚಕ್ಕುಲಿ ಸುತ್ತು, ಜಡೆ ಎಲ್ಲ ಹೆಣೆಯಬಹುದು.

ಸೇವಂತಿಗೆಗೂ ಈಗ ಕತ್ತರಿ ಬೇಡ. ಹಗಲು ಗಿಡ್ಡವಾಗುತ್ತಾ ಬಂದಾಗ ಮೊಗ್ಗು ಕಟ್ಟುವ ಗಿಡ ಅದು. ನಿಮ್ಮ ಸೇವಂತಿಗೆ ಎಲೆ ಮಾತ್ರ ಬಿಡುತ್ತಿದ್ದರೆ ರಾತ್ರಿ ಅದರ ಮೇಲೆ ಬೀದಿದೀಪ ಬೀಳುತ್ತಿದೆಯಾ ನೋಡಿ. ಬೆಳೆಗಾರರು ಹೂ ತಡವಾಗಿ ಬರಲಿ ಅಂತ ರಾತ್ರಿ ಹೊಲಕ್ಕೆ ಬಲ್ಬ್ ಹಾಕುವುದೂ ಇದೇ ಗುಟ್ಟಿನಿಂದ. ಕುಂಡವನ್ನು ಕತ್ತಲ ಮೂಲೆಗೆ ಸರಿಸಿ, ಕೋಲು ನೆಟ್ಟು ಕಟ್ಟಿ.

ಮಾವಿನ ತೋರಣ ಕಟ್ಟುವ ಬಗೆ

ಬಲಿತ, ಕಡುಹಸಿರು ಎಲೆಗಳೇ ಆಗಬೇಕು. ತಾಮ್ರದ ಬಣ್ಣದ ಚಿಗುರು ಮಧ್ಯಾಹ್ನದೊಳಗೆ ಜೋಲುತ್ತದೆ. ಕೊಂಬೆಯಲ್ಲಿ ಕೆಂಜಿಗದ ಗೂಡಿದೆಯಾ ನೋಡಿಕೊಂಡು ಕೈ ಹಾಕಿ.

ಮೂರು ಅಡಿ ಬಾಗಿಲಿಗೆ 11 ಎಲೆ ಸಾಕು. ಒಂದೇ ಉದ್ದದವು ಆರಿಸಿ, ತೊಳೆದು, ಬಟ್ಟೆಯಿಂದ ಎರಡೂ ಬದಿ ಒರೆಸಿ. ನೀರು ಉಳಿದರೆ ಮಡಚಿದ ಕಡೆ ಕಪ್ಪಾಗುತ್ತದೆ. ಎರಡೆಳೆ ಹತ್ತಿ ದಾರವನ್ನು ಬಾಗಿಲಿಗಿಂತ ಒಂದೂವರೆ ಅಡಿ ಉದ್ದ ಕತ್ತರಿಸಿ, ಎರಡು ಕುರ್ಚಿಯ ನಡುವೆ ಬಿಗಿಯಾಗಿ ಕಟ್ಟಿ. ಸುಮ್ನೆ ಕೈಯಲ್ಲಿ ಹಿಡಿದು ಕಟ್ಟಲು ಹೋದರೆ ಎಲೆಗಳು ಒಂದೊಂದು ದಿಕ್ಕು ನೋಡುತ್ತವೆ.

ಎಲೆಯ ಹೊಳೆಯುವ ಮೈ ನಿಮ್ಮ ಕಡೆ, ತೊಟ್ಟು ಮೇಲೆ. ತೊಟ್ಟಿನಿಂದ ಎರಡು ಇಂಚು ಕೆಳಗೆ ದಾರದ ಮೇಲೆ ಹಿಂದಕ್ಕೆ ಮಡಚಿ. ಮಡಚುವಾಗ ನಡುನರ ಟಕ್ ಅನ್ನುತ್ತದೆ. ಪರವಾಗಿಲ್ಲ, ಆದರೆ ಎಲೆ ಸೀಳಬಾರದು. ದಾರದ ಕೆಳಗೆ ಅರ್ಧ ಇಂಚಿನಲ್ಲಿ ಎರಡು ಪದರವೂ ಸೇರುವಂತೆ ತೆಂಗಿನ ಕಡ್ಡಿಯ ತುಂಡನ್ನು ಅಡ್ಡಕ್ಕೆ ಚುಚ್ಚಿ. ನಡುನರದ ಎಡಕ್ಕೆ ಒಳಗೆ, ಬಲಕ್ಕೆ ಹೊರಗೆ ಬಂದರೆ ಭದ್ರ. ಸ್ಟೇಪ್ಲರ್ ಸುಲಭ ನಿಜ, ಆದರೆ ಆ ಪಿನ್ನು ಆಮೇಲೆ ಗೊಬ್ಬರದಲ್ಲಿ ಸಿಕ್ಕಿ ಬೆರಳಿಗೆ ಚುಚ್ಚುತ್ತದೆ. ಎರಡು ಎಲೆಯ ನಡುವೆ ದಬ್ಬಳದಲ್ಲಿ ಒಂದು ಚೆಂಡು ಹೂ ಪೋಣಿಸಿ. ಹೂವಿನ ತೊಟ್ಟಿನ ದಪ್ಪ ಭಾಗದಲ್ಲೇ ದಾರ ಹಾಯಬೇಕು, ಎಸಳಲ್ಲಿ ಹಾಯ್ದರೆ ಸಂಜೆಗೆ ಉದುರುತ್ತದೆ.

ಚೆಂಡು ಹೂ ನಿಮ್ಮದೇ ತೋಟದ್ದು ಬೇಕಿದ್ದರೆ ಆಗಸ್ಟಿನಲ್ಲೇ ಬಿತ್ತಿರಬೇಕಿತ್ತು. ಈ ಸಲ ಕೊಂಡು ತನ್ನಿ. ನಾಟಿ ಹೂವಾದರೆ ಹಬ್ಬದ ಮೇಲೆ ಒಣಗಿಸಿ, ಬುಡದ ಕಪ್ಪು ಕಡ್ಡಿಯಂಥ ಬೀಜ ಎತ್ತಿಡಿ. ಹೈಬ್ರಿಡ್ ಹೂವಿನ ಬೀಜದಿಂದ ಅದೇ ಗಾತ್ರದ ಹೂ ಬರುವ ಖಾತರಿ ಇಲ್ಲ.

ದೀಪ, ರಂಗೋಲಿ, ಕದಿರು

ಮಣ್ಣಿನ ಹಣತೆಯನ್ನು ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ನೆರಳಲ್ಲಿ ಒಣಗಿಸಿ. ಆಗ ಎಣ್ಣೆ ಹೀರುವುದು ಕಡಿಮೆ. ಅಂಗಳಕ್ಕೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಎಳೆ ಎಳೆಯಾಗಿ ಅಕ್ಕಿಹಿಟ್ಟಿನ ರಂಗೋಲಿ ಹಾಕಿದರೆ ಬೇರೆ ಬಣ್ಣವೇ ಬೇಡ ಅನಿಸುತ್ತದೆ. ಹೂವಿನ ರಂಗೋಲಿ ಹಾಕುವವರು ಚೆಂಡು ಹೂವಿನ ಎಸಳನ್ನು ಅಂಚಿಗೆ, ಗುಲಾಬಿ ಎಸಳನ್ನು ಒಳಗೆ ಹಾಕಿ. ಗುಲಾಬಿ ಬೇಗ ಬಾಡುತ್ತದೆ, ಅಂಚು ಗಟ್ಟಿಯಿದ್ದರೆ ಆಕಾರ ಉಳಿಯುತ್ತದೆ.

ಉತ್ತರ ಕರ್ನಾಟಕದ ಮನೆಗಳಲ್ಲಿ ಪಾಡ್ಯದ ದಿನ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ ಬಾಗಿಲಲ್ಲಿ ಇಡುತ್ತಾರೆ. ಬೇಲಿ ಬದಿಯ ಕಳೆಯೂ ಅಲಂಕಾರಕ್ಕೆ ಬರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಕೊಡಗಿನಲ್ಲಿ ಪುತ್ತರಿಗೆ ಹೊಸ ಭತ್ತದ ಕದಿರನ್ನು ಎಲೆಗಳಲ್ಲಿ ಸುತ್ತಿ ಮನೆಯ ಕಂಬ, ಬಾಗಿಲಿಗೆ ಕಟ್ಟುತ್ತಾರೆ. ಊರಿನಿಂದ ಭತ್ತದ ಅಥವಾ ರಾಗಿಯ ತೆನೆ ತರಿಸಿಕೊಳ್ಳುವವರು ಪೂರ್ತಿ ಮಾಗುವುದಕ್ಕೆ ಸ್ವಲ್ಪ ಮೊದಲು ಕೊಯ್ದದ್ದನ್ನು ತರಿಸಿ. ತಲೆಕೆಳಗಾಗಿ ನೆರಳಲ್ಲಿ ವಾರ ತೂಗುಹಾಕಿದರೆ ಕಾಳು ಉದುರದೆ ವರ್ಷವಿಡೀ ಬಾಗಿಲ ಮೇಲಿರುತ್ತದೆ. ಗುಬ್ಬಚ್ಚಿ ಬರುವ ಮನೆಯಾದರೆ ಅಷ್ಟು ದಿನ ಇರಲ್ಲ, ಅದೂ ಒಳ್ಳೆಯದೇ.

ತುಳಸಿ ಕಟ್ಟೆ

ಬಲಿಪಾಡ್ಯಮಿ ಕಳೆದು ಹನ್ನೊಂದನೇ ದಿನದ ಹೊತ್ತಿಗೆ ಉತ್ಥಾನ ದ್ವಾದಶಿ. ದ್ವಾದಶಿಯಂದು ತುಳಸಿ ಕೀಳಬಾರದು ಅನ್ನುವ ಪದ್ಧತಿ ಇದೆಯಲ್ಲ, ಹಾಗಾಗಿ ಗಿಡದ ಕೆಲಸವನ್ನು ನಾಲ್ಕೈದು ದಿನ ಮೊದಲೇ ಮುಗಿಸಿ. ಒಣಗಿದ ಕದಿರುಗಳನ್ನೆಲ್ಲ ಚಿವುಟಿ. ಬೀಜ ಕಟ್ಟಲು ಬಿಟ್ಟರೆ ಗಿಡ ಬೇಗ ಮುದಿಯಾಗುತ್ತದೆ. ಒಣ ಕದಿರನ್ನು ಅಂಗೈಯಲ್ಲಿ ಉಜ್ಜಿದರೆ ಸಿಗುವ ಬೀಜವನ್ನು ಕಾಗದದಲ್ಲಿ ಕಟ್ಟಿಡಿ. ಡಿಸೆಂಬರ್ ಚಳಿಗೆ ಹಳೇ ಗಿಡ ಹೋದರೂ ಬೇಸಿಗೆಗೆ ಹೊಸದು ಹುಟ್ಟಿಸಬಹುದು.

ಬುಡದ ಮಣ್ಣು ಸಡಿಲಿಸಿ, ಹಿಡಿ ಎರೆಗೊಬ್ಬರ ಹಾಕಿ. ಪೂಜೆಯ ಹಾಲು, ಅರಿಶಿನ, ಕುಂಕುಮ, ಅಕ್ಷತೆ ಬುಡಕ್ಕೆ ಸುರಿಯುವುದರಿಂದಲೇ ಅರ್ಧ ತುಳಸಿ ಗಿಡಗಳು ಸಾಯುವುದು ಅಂತ ನನ್ನ ಅಂದಾಜು. ಕಟ್ಟೆಯ ಅಂಚಿನಲ್ಲಿ ಒಂದು ಚಿಕ್ಕ ಕಲ್ಲಿಟ್ಟು ಅರ್ಚನೆ ಅದಕ್ಕೆ ಮಾಡಿ. ದೀಪ ಗಿಡದಿಂದ ಒಂದು ಅಡಿ ದೂರವಿರಲಿ.

ತುಳಸಿಯ ಪಕ್ಕ ನೆಡಲು ಕಾಯಿ ಸಮೇತ ಬೆಟ್ಟದ ನೆಲ್ಲಿಯ ಕೊಂಬೆ ಬೇಕು. ಬೆಂಗಳೂರಿನ ಗಾಂಧಿಬಜಾರ್, ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಹಿಂದಿನ ದಿನದಿಂದಲೇ ಸಿಗುತ್ತದೆ. ನೆಲ್ಲಿಯ ಸಣ್ಣ ಎಲೆ ಬಹಳ ಬೇಗ ಉದುರುತ್ತದೆ, ಆದ್ದರಿಂದ ಮನೆಗೆ ತಂದ ಕೂಡಲೇ ತುದಿಯನ್ನು ಓರೆಯಾಗಿ ಕತ್ತರಿಸಿ ನೀರಲ್ಲಿಡಿ. ನಾಲ್ಕು ಮೂಲೆಗೆ ಕಬ್ಬು ನಿಲ್ಲಿಸಿ, ಮೇಲೆ ಗರಿಗಳನ್ನು ಒಟ್ಟು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದರೆ ಮಂಟಪ. ನೆಲ್ಲಿಕಾಯಿ ದೀಪಕ್ಕೆ ದಪ್ಪ ಕಾಯಿ ಆರಿಸಿ, ಮೇಲೆ ತೆಳುವಾಗಿ ಕತ್ತರಿಸಿ, ಚಮಚದ ತುದಿಯಿಂದ ಸ್ವಲ್ಪ ತೋಡಿ. ತುಪ್ಪದಲ್ಲಿ ಅದ್ದಿದ ಹೂಬತ್ತಿ ಇಡಿ. ಕಾಯಿ ಉರುಳದಿರಲು ತಳವನ್ನೂ ಒಂಚೂರು ಕತ್ತರಿಸಿಕೊಳ್ಳಿ.

ನಡುವೆ ಬಿತ್ತನೆ

ವಿಶಾಖೆಯಲ್ಲಿ ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಬಟಾಣಿ, ಪಾಲಕ್, ಮೆಂತ್ಯ, ಕೊತ್ತಂಬರಿ ಎಲ್ಲಕ್ಕೂ ಕಾಲ. ಕ್ಯಾರೆಟ್ಟನ್ನು ನೇರ ಮಡಿಗೇ ಬಿತ್ತಿ, ಸಸಿ ಕಿತ್ತು ನೆಟ್ಟರೆ ಗೆಡ್ಡೆ ಕವಲೊಡೆಯುತ್ತದೆ. ಬೀಜ ಸಣ್ಣದು, ಒಣಮರಳು ಬೆರೆಸಿಕೊಂಡರೆ ಸಮವಾಗಿ ಬೀಳುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿ ಹಿಮ್ಮಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಿಯೇ ಬಿತ್ತಿ. ಮೂಲಂಗಿಗೆ ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ನಿಶಾಂತ್ ತಳಿ ಚೆನ್ನಾಗಿದೆ, ಎರಡು ತಿಂಗಳೊಳಗೆ ಕೀಳಬಹುದು.

ಅವರೆ? ಸೊಗಡಿನ ನಾಟಿ ಅವರೆ ಬಿತ್ತುವ ಕಾಲ ಮುಗಿಯಿತು, ಅದು ಈಗಾಗಲೇ ಹೂವಿಗೆ ತಯಾರಾಗುತ್ತಿರುತ್ತದೆ. ಆಸೆ ಇದ್ದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 4 ಹಾಕಿ. ಹಗಲಿನ ಉದ್ದದ ಹಂಗಿಲ್ಲದ ತಳಿ ಅದು, ಕುಂಡದಲ್ಲೂ ಬರುತ್ತದೆ.

ಹಬ್ಬದ ಸೊಪ್ಪು ಗೊಬ್ಬರಕ್ಕೆ

ಹೂ, ಎಲೆ, ಬಾಳೆಕಂಬ, ಕಬ್ಬಿನ ಗರಿ ಎಲ್ಲ ಗುಂಡಿಗೆ. ದಾರ, ಜರಿ, ಪ್ಲಾಸ್ಟಿಕ್, ಪಟಾಕಿಯ ಕಾಗದ–ಬೂದಿ ಮಾತ್ರ ಬೇರೆ. ಪಟಾಕಿ ಮದ್ದಿನ ರಾಸಾಯನಿಕ ಗೊಬ್ಬರಕ್ಕೆ ಸೇರಬಾರದು. ಬಾಳೆದಿಂಡನ್ನು ಅಂಗೈಯಗಲ ತುಂಡು ಮಾಡಿ, ಇಡಿಯಾಗಿ ಹಾಕಿದರೆ ಕೊಳೆಯಲು ತಿಂಗಳುಗಟ್ಟಲೆ ಬೇಕು. ಹೂ ಬರೀ ಹಸಿ, ಅದೊಂದೇ ಹಾಕಿದರೆ ನಾರುತ್ತದೆ. ಒಂದು ಪದರ ಹೂವಿಗೆ ಒಂದು ಪದರ ತೆಂಗಿನ ನಾರಿನ ಪುಡಿ ಅಥವಾ ಒಣ ಎಲೆ ಹಾಕಿ.

ಬೇಗ ಕೊಳೆಯಲು ಜೀವಾಮೃತ ಚಿಮುಕಿಸಿ. ಮನೆ ತೋಟದ ಲೆಕ್ಕಕ್ಕೆ 10 ಲೀಟರ್ ನೀರು, ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಲ್ಲಿ ಎರಡು ದಿನ ಇಟ್ಟು, ಬೆಳಿಗ್ಗೆ ಸಂಜೆ ತಿರುವಿ. ಒಂದು ವಾರದೊಳಗೆ ಖಾಲಿ ಮಾಡಿ. ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಬಹುದು.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಪರಿಷೆಯ ಕಡಲೆಕಾಯಿ ತಿಂದ ಮೇಲೆ ಹುರಿದದ್ದರ ಸಿಪ್ಪೆಯನ್ನು ಚೀಲದಲ್ಲಿ ಮನೆಗೆ ತನ್ನಿ, ಕುಂಡಗಳಿಗೆ ಚಳಿಗಾಲದ ಹೊದಿಕೆಗೆ ಒಳ್ಳೆಯದು. ಬೇಯಿಸಿದ್ದರ ಸಿಪ್ಪೆ ಬೇಡ, ಅದರಲ್ಲಿ ಉಪ್ಪಿರುತ್ತದೆ.

ಕೊನೆಯ ವಾರ ಮಲ್ಲಿಗೆ

ಅನೂರಾಧ ಹುಟ್ಟಿದ ಮೇಲೆ, ನವೆಂಬರ್ ಕೊನೆಯ ವಾರ ಮಲ್ಲಿಗೆ ಸವರಿ. ಅದಕ್ಕೆ ಹತ್ತು ದಿನ ಮೊದಲು ನೀರು ನಿಲ್ಲಿಸಿ. ನೆಲದಿಂದ ಒಂದೂವರೆ ಅಡಿ ಬಿಟ್ಟು ಪೂರ್ತಿ ಕತ್ತರಿಸಿ, ಉಳಿದ ಎಲೆಗಳನ್ನೂ ತೆಗೆಯಿರಿ. ಗಿಡ ಬೋಳಾಗಿ ಕಾಣುತ್ತದೆ, ಮನೆಯ ಹಿರಿಯರು ಬೈಯುವುದೂ ಉಂಟು. ಎಂಟು ದಿನ ಬಿಟ್ಟು ಬುಡಕ್ಕೆ ಗೊಬ್ಬರ ಕೊಟ್ಟು ನೀರು ಶುರು ಮಾಡಿದರೆ ಫೆಬ್ರವರಿ–ಮಾರ್ಚ್ ಹೊತ್ತಿಗೆ ಮೊಗ್ಗು. ಕಾಕಡಕ್ಕೆ ಮಾತ್ರ ಈಗ ಕೈ ಹಾಕಬೇಡಿ, ಅದು ಹೂ ಬಿಡುವುದೇ ಚಳಿಯಲ್ಲಿ.